ಮನೆವಾರ್ತೆ ಪ್ರಶ್ನೋತ್ತರ: ಕಮೋಡಿನ ಕಲೆ, ಬೋರ್ ನೀರಿನ ಕಾಟ

ಹೋದ ತಿಂಗಳು ಅಡುಗೆಮನೆ ಸಿಂಕಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟಾಯ್ಲೆಟ್ ಬಗ್ಗೆ ಕೇಳಿದವು. ಸುಮಾರು ಜನ ಕೊನೆಯಲ್ಲಿ 'ದಯವಿಟ್ಟು ಹೆಸರು ಹಾಕಬೇಡಿ' ಎಂದು ಬರೆದಿದ್ದಾರೆ. ಹಾಕಿಲ್ಲ, ಊರು ಬಡಾವಣೆ ಅಷ್ಟೇ ಹಾಕಿದ್ದೇನೆ. ನನಗಂತೂ ಈ ಮಾತಾಡಲು ನಾಚಿಕೆ ಇಲ್ಲ. ಮೈಸೂರಿನ ಒಂದು ಲಾಡ್ಜಿನಲ್ಲಿ ರೂಮ್‌ಬಾಯ್ ಆಗಿ ಸೇರಿ, 27 ವರ್ಷ ದುಡಿದು, ಸೂಪರ್‌ವೈಸರ್ ಆಗಿ ಹೊರಗೆ ಬಂದವನು ನಾನು. ದಸರಾ ಹತ್ತು ದಿನದಲ್ಲಿ ನಾನು ನೋಡಿದಷ್ಟು ಕಮೋಡುಗಳನ್ನು ಅನೇಕರು ಜೀವಮಾನದಲ್ಲಿ ನೋಡಿರಲಿಕ್ಕಿಲ್ಲ.

ನಾವು ಜನವರಿಯಲ್ಲಿ ಈ ಬಾಡಿಗೆ ಮನೆಗೆ ಬಂದೆವು. ಬರೀ ಬೋರ್ ನೀರು. ಕಮೋಡಿನೊಳಗೆ ನೀರು ನಿಲ್ಲುವ ಮಟ್ಟದಲ್ಲಿ ಸುತ್ತಲೂ ಬಳೆ ತೊಡಿಸಿದ ಹಾಗೆ ಕಂದು ಕಲೆ. ಮುಟ್ಟಿದರೆ ಒರಟು. ನಾಲ್ಕು ಬಾಟಲಿ ಕ್ಲೀನರ್ ಖಾಲಿಯಾಯಿತು. ತೋಳು ಬಿದ್ದುಹೋಗುವ ಹಾಗೆ ಉಜ್ಜಿದೆ. ಅತ್ತೆಯವರು 'ನೀನು ಸರಿಯಾಗಿ ಉಜ್ಜಲ್ಲ' ಅಂತಾರೆ. ಮನೆ ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ ಅಂತಾರೆ. ಏನು ಮಾಡಲಿ ಸಾರ್?
— ಓದುಗರು, ಮಂಡ್ಯ

ತಂಗಿ, ಮೊದಲು ಅತ್ತೆಯವರಿಗೆ ಈ ಕತೆ ಓದಿ ಹೇಳಿ.

ನಮ್ಮ ಲಾಡ್ಜಿನಲ್ಲಿ ಎರಡು ಕಟ್ಟಡ ಇದ್ದವು. ಹಳೆಯದಕ್ಕೆ ಕಾವೇರಿ ನೀರು. ಆಮೇಲೆ ಕಟ್ಟಿದ ಹೊಸದಕ್ಕೆ ಬೋರ್ ನೀರು. ಹೊಸ ಕಟ್ಟಡ ಶುರುವಾಗಿ ಆರು ತಿಂಗಳಿಗೆ ಅಲ್ಲಿನ ಕಮೋಡುಗಳಲ್ಲೆಲ್ಲ ಇದೇ ಕಂದು ಬಳೆ. ಹಳೆಯ ಕಡೆ ಹದಿನೈದು ವರ್ಷದ ಕಮೋಡು ಬಿಳಿ ಬಿಳಿಯಾಗಿ ಹೊಳೀತಿತ್ತು. ಧಣಿಗಳು ಹೊಸ ಕಡೆಯ ಹುಡುಗರನ್ನು ಸೋಮಾರಿಗಳು ಎಂದು ಬೈದರು. ನಾನೂ ಬೈದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಏನೋ ತೋಚಿ, ಒಂದು ತಿಂಗಳು ಹುಡುಗರನ್ನು ಅದಲುಬದಲು ಮಾಡಿದೆ. ಹಳೆ ಕಡೆಯವರು ಹೊಸ ಕಡೆಗೆ, ಇವರು ಅಲ್ಲಿಗೆ. ತಿಂಗಳು ಕಳೆದರೂ ಬಳೆ ಇದ್ದಲ್ಲೇ ಇತ್ತು. ಹುಡುಗರ ಜೊತೆ ಅದು ಆ ಕಡೆಗೆ ಹೋಗಲಿಲ್ಲ, ಬೋರ್ ನೀರಿನ ಜೊತೆಗೇ ಉಳಿಯಿತು.

ನಿಮ್ಮ ಕಮೋಡಿನಲ್ಲಿ ಇರುವುದು ಗಲೀಜಲ್ಲ ತಂಗಿ, ಸುಣ್ಣ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಆರುವ ಅಂಚಿನಲ್ಲಿ ಅವು ಪದರ ಪದರವಾಗಿ ಕೂರುತ್ತವೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುತ್ತದಲ್ಲ, ಅದೇ ಇದು. ಆ ಪದರದ ಸಣ್ಣ ಸಣ್ಣ ತೂತುಗಳಲ್ಲಿ ಮೂತ್ರದ ಉಪ್ಪು, ನೀರಿನ ಕಬ್ಬಿಣ, ಪಾಚಿ ಸೇರಿಕೊಂಡು ಕಂದು ಬಣ್ಣ ಬರುತ್ತದೆ. ಸೋಪಿನ ಪುಡಿಗೆ ಸುಣ್ಣ ಕರಗುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೆ ಬಣ್ಣ ಸ್ವಲ್ಪ ಹೋಗಿ ಗೆದ್ದ ಹಾಗೆ ಕಾಣುತ್ತದೆ, ಒರಟು ಹಾಗೇ ಇರುತ್ತದೆ. ವಾರದಲ್ಲಿ ಮತ್ತೆ ಕಂದು. ಸುಣ್ಣ ಬಗ್ಗುವುದು ಹುಳಿಗೆ ಮಾತ್ರ.

ಅನುಮಾನ ಇದ್ದರೆ ಒಂದು ನಿಂಬೆಹಣ್ಣು ಹಿಂಡಿ. ಕಲೆ ನೀರಿನಿಂದ ಮೇಲೆ ಇರುವ ಕಡೆ ನಾಲ್ಕು ಹನಿ ಬಿಟ್ಟು ನೋಡಿ. ಸಣ್ಣಗೆ ನೊರೆ ಗುಳ್ಳೆ ಎದ್ದರೆ ಸುಣ್ಣವೇ.

ಹಾಗಾದರೆ ನಾಲ್ಕು ಬಾಟಲಿ ಕ್ಲೀನರ್ ಯಾಕೆ ಕೆಲಸ ಮಾಡಲಿಲ್ಲ? ಅದರಲ್ಲೂ ಹುಳಿ ಇದೆ. ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ದಪ್ಪ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 10 ಭಾಗ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಲೇಬಲ್ ತಿರುಗಿಸಿ ನೋಡಿ. ನೀವು ಏನು ಮಾಡಿರುತ್ತೀರಿ ಎಂದು ನಾನು ಹೇಳಬಲ್ಲೆ. ನೀರು ನಿಂತಿರುವ ಕಮೋಡಿಗೇ ಸುರಿದು, ಹತ್ತು ನಿಮಿಷ ಬಿಟ್ಟು, ಉಜ್ಜಿದ್ದೀರಿ. ಕಲೆ ಇರುವುದು ನೀರಿನ ಮಟ್ಟದಲ್ಲಿ. ಸುರಿದದ್ದೆಲ್ಲ ಆ ನೀರಿಗೆ ಸೇರಿ ತೆಳ್ಳಗಾಯಿತು. ಮಜ್ಜಿಗೆಗೆ ಬಿಂದಿಗೆ ನೀರು ಸುರಿದು ಹುಳಿ ಇಲ್ಲ ಅಂದ ಹಾಗೆ.

ಆದ್ದರಿಂದ ಮೊದಲ ಕೆಲಸ ನೀರು ಖಾಲಿ ಮಾಡುವುದು. ಫ್ಲಶ್ ಟ್ಯಾಂಕಿಗೆ ನೀರು ಹೋಗುವ ಸಣ್ಣ ನಲ್ಲಿ ಮುಚ್ಚಿ, ಒಂದು ಸಲ ಫ್ಲಶ್ ಮಾಡಿ. ಉಳಿದ ನೀರನ್ನು ಬ್ರಷ್‌ನಿಂದ ಒಳಗಿನ ಬೆಂಡಿನ ಕಡೆ ನಾಲ್ಕೈದು ಸಲ ಜೋರಾಗಿ ತಳ್ಳಿ, ಅರ್ಧಕ್ಕಿಂತ ಜಾಸ್ತಿ ಹೊರಟುಹೋಗುತ್ತದೆ. ಮಿಕ್ಕಿದ್ದನ್ನು ಕೈಗವಸು ಹಾಕಿಕೊಂಡು ಹಳೆ ಸ್ಪಂಜಿನಿಂದ ಹಿಂಡಿ ತೆಗೆಯಿರಿ. ಕಲೆ ಪೂರ್ತಿ ಹೊರಗೆ ಕಾಣಬೇಕು.

ಆಮೇಲೆ ನಿಂಬೆ ಉಪ್ಪು. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಮೈಸೂರಿನವರಾದರೆ ದೇವರಾಜ ಮಾರುಕಟ್ಟೆ ಸುತ್ತ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಸಿಟ್ರಿಕ್ ಆಸಿಡ್ ಅಂದರೆ ಅದೇ. ಒಂದು ಲೀಟರ್ ಬಿಸಿ ನೀರಿಗೆ 100 ಗ್ರಾಂ ಕರಗಿಸಿ. ಕೈ ಇಡುವಷ್ಟು ಬಿಸಿ ಸಾಕು. ಕುದಿಯುವ ನೀರು ಹಾಕಿದರೆ ಪಿಂಗಾಣಿ ಬಿರುಕು ಬಿಡಬಹುದು. ಹಳೆ ಪಂಚೆ ಅಥವಾ ಬನಿಯನ್ ಬಟ್ಟೆ ಹರಿದು, ಇದರಲ್ಲಿ ಅದ್ದಿ, ಕಲೆಯ ಮೇಲೆ ಬಳೆಯ ಹಾಗೆ ಸುತ್ತಲೂ ಒತ್ತಿ ಅಂಟಿಸಿ. ಉಳಿದ ನೀರನ್ನು ಆ ಬಟ್ಟೆಯ ಮೇಲೇ ಸುರಿಯಿರಿ. ರಾತ್ರಿ ಎಲ್ಲರೂ ಮಲಗುವಾಗ ಮಾಡಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಚೀಟಿ ಅಂಟಿಸದೆ ನನ್ನ ಮನೆಯಲ್ಲೇ ಒಮ್ಮೆ ಏನಾಯಿತು ಎಂದು ಇಲ್ಲಿ ಬರೆಯುವುದು ಬೇಡ.

ಬೆಳಿಗ್ಗೆ ಬಟ್ಟೆ ತೆಗೆದು ಕಸಕ್ಕೆ ಹಾಕಿ. ಕಮೋಡಿಗೆ ಬಿಟ್ಟರೆ ಪೈಪ್ ಕಟ್ಟಿಕೊಳ್ಳುತ್ತದೆ. ನೈಲಾನ್ ಬ್ರಷ್‌ನಿಂದ ಉಜ್ಜಿ. ಅವಧಿ ಮೀರಿದ ಪ್ಲಾಸ್ಟಿಕ್ ಕಾರ್ಡ್ ಇದ್ದರೆ ಅದರ ಅಂಚಿನಿಂದ ಕೆರೆಯಿರಿ, ಪದರ ಪದರವಾಗಿ ಎದ್ದು ಬರುತ್ತದೆ. ಒಂದೇ ರಾತ್ರಿಗೆ ಪೂರ್ತಿ ಹೋಗದು. ವರ್ಷಗಟ್ಟಲೆ ಕೂತಿರುವುದಕ್ಕೆ ಮೂರು ನಾಲ್ಕು ರಾತ್ರಿ ಬೇಕು. ಪ್ರತಿ ಸಲ ಹೊಸ ಹುಳಿ ಹಾಕಬೇಕು, ಯಾಕೆಂದರೆ ಸುಣ್ಣವನ್ನು ತಿಂದ ಹುಳಿ ಅಲ್ಲಿಗೇ ಮುಗಿದುಹೋಗಿರುತ್ತದೆ.

ಚಾಕು, ಸ್ಟೀಲ್ ನಾರು, ಮರಳು ಕಾಗದ ಮುಟ್ಟಬೇಡಿ. ಕಮೋಡಿನ ಹೊಳಪು ಗಾಜಿನಂಥ ತೆಳು ಪದರ. ಅದಕ್ಕೆ ಗೀರು ಬಿದ್ದರೆ ಮುಂದಿನ ಸುಣ್ಣ ಅಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಜನ್ಮಕ್ಕೂ ಬಿಡದು. ಹಿಮ್ಮಡಿ ಉಜ್ಜುವ ಹಗುರ ಕಲ್ಲನ್ನು ಕೆಲವರು ಬಳಸುತ್ತಾರೆ. ನಾನೂ ಬಳಸಿದ್ದೇನೆ, ಕೊನೆಯ ಚೂರಿಗೆ ಮಾತ್ರ, ಕಲ್ಲು ಮತ್ತು ಕಮೋಡು ಎರಡನ್ನೂ ನೆನೆಸಿ, ಕೈ ಹಗುರ ಬಿಟ್ಟು.

ಕಲೆ ಹೋದ ಮೇಲೆ ವಾರಕ್ಕೊಂದು ರಾತ್ರಿ ಎರಡು ಚಮಚ ನಿಂಬೆ ಉಪ್ಪನ್ನು ಒಂದು ಲೋಟ ನೀರಲ್ಲಿ ಕರಗಿಸಿ ಸುತ್ತಲೂ ಸುರಿದು ಮಲಗಿ. ನೀರು ಬದಲಾಗುವವರೆಗೆ ಇದು ತಪ್ಪದು. ಗಡಸುತನಕ್ಕೆ ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟರೆ ಚೀಟಿಯಲ್ಲಿ ಆ ಅಂಕಿ ಬರುತ್ತದೆ. ಅದನ್ನು ಮಾಲೀಕರಿಗೆ ತೋರಿಸಿ. ಬೋರ್ ಕೊರೆಸಿದವರು ನೀವಲ್ಲ. ಮುಂದಿನ ಮನೆಗೆ ಹೋಗುವಾಗ ಮಾತ್ರ, ಹಾಲು ಉಕ್ಕಿಸುವ ಮೊದಲು ಕಮೋಡಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕಮೋಡಿನ ಹಿಂಭಾಗದಲ್ಲಿ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಕೆಂಪು ಕಲೆ. ಬ್ಲೀಚ್ ಹಾಕಿದಷ್ಟೂ ಜಾಸ್ತಿ ಕೆಂಪಾಗುತ್ತಿದೆ. ನನ್ನ ಭ್ರಮೆಯೇ?
— ಓದುಗರು, ವಿಜಯನಗರ 4ನೇ ಹಂತ, ಮೈಸೂರು

ಭ್ರಮೆ ಅಲ್ಲ ಸ್ವಾಮಿ. ಅದು ಕಬ್ಬಿಣದ ತುಕ್ಕು. ನೀರಿನಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದರೆ ಕೆಂಪಾಗಿ ಕೂರುತ್ತದೆ. ಬ್ಲೀಚ್ ಅದೇ ಕೆಲಸವನ್ನು ಇನ್ನೂ ಬೇಗ ಮಾಡಿಸುತ್ತದೆ. ಇವತ್ತಿಗೇ ನಿಲ್ಲಿಸಿ.

ಆದರೆ ನನಗೆ ಹೆಚ್ಚು ಕುತೂಹಲ ಇರುವುದು ನಿಮ್ಮ 'ಒಂದೇ ಗೆರೆ'ಯ ಮೇಲೆ. ಕಲೆ ಗೆರೆಯಾಗಿದ್ದರೆ ಅಲ್ಲಿ ಹಗಲೂ ರಾತ್ರಿ ನೀರು ಜಿನುಗುತ್ತಿದೆ ಎಂದರ್ಥ. ಫ್ಲಶ್ ಟ್ಯಾಂಕಿನ ವಾಷರ್ ಹೋಗಿದೆ. ಟ್ಯಾಂಕಿಗೆ ಒಂದು ಲೋಟ ಬೀಟ್‌ರೂಟ್ ರಸ ಸುರಿದು ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರು ಕೆಂಪಾದರೆ ವಾಷರ್ ಬದಲಿಸಿ. ಅದಕ್ಕೆ ಮೊದಲು ಕಲೆ ತೆಗೆದರೆ ಸುಮ್ನೆ ಕೆಲಸ, ಹದಿನೈದು ದಿನಕ್ಕೆ ಮತ್ತೆ ಬರುತ್ತದೆ.

ಕಲೆಗೆ ಮೊದಲು ಮೇಲೆ ಹೇಳಿದ ನಿಂಬೆ ಉಪ್ಪಿನ ಬಟ್ಟೆಯನ್ನೇ ಹಾಕಿ. ಅದು ಕಬ್ಬಿಣವನ್ನೂ ನಿಧಾನವಾಗಿ ಹಿಡಿದು ಎಳೆಯುತ್ತದೆ. ಎರಡು ಮೂರು ಸಲಕ್ಕೂ ಬಗ್ಗದಿದ್ದರೆ ಮಾತ್ರ ಆಕ್ಸಾಲಿಕ್ ಪುಡಿ. ಮೊಸಾಯಿಕ್ ಪಾಲಿಶ್ ಮಾಡುವವರು ಬಳಸುತ್ತಾರಲ್ಲ, ಅದೇ ಬಿಳಿ ಪುಡಿ. ತುಕ್ಕಿಗೆ ಅದರಷ್ಟು ಒಳ್ಳೆಯದು ಇನ್ನೊಂದು ನಾನು ಕಂಡಿಲ್ಲ. ಆದರೆ ಅದು ವಿಷ. ಕೈಗವಸು ಬೇಕು, ಪುಡಿ ಮೂಗಿಗೆ ಹೋಗಬಾರದು, ಮಕ್ಕಳಿರುವ ಮನೆಯಲ್ಲಿ ಉಳಿದದ್ದನ್ನು ಇಟ್ಟುಕೊಳ್ಳಲೇಬಾರದು. ಇನ್ನೊಂದು ಮಾತು. ಸುಣ್ಣದ ಪದರ ಇರುವಾಗಲೇ ಆಕ್ಸಾಲಿಕ್ ಹಾಕಿದರೆ ಎರಡೂ ಸೇರಿ ಕರಗದ ಬಿಳಿ ಪುಡಿಯಾಗುತ್ತದೆ. ಮೊದಲು ಸುಣ್ಣ ತೆಗೆದು, ಚೆನ್ನಾಗಿ ತೊಳೆದು, ಆಮೇಲೆ ಇದು.

ಕೋಲಾ ಸುರಿದರೆ ಕಮೋಡು ಫಳಫಳ ಹೊಳೆಯುತ್ತದಂತೆ, ನಿಜವೇ?
— ಓದುಗರು, ಶ್ರೀರಂಗಪಟ್ಟಣ

ಅದರಲ್ಲೂ ಸ್ವಲ್ಪ ಹುಳಿ ಇದೆ, ಹೊಸ ಕಲೆ ಸ್ವಲ್ಪ ಬಿಡಬಹುದು. ಆದರೆ ಸಕ್ಕರೆಯೂ ಇದೆ, ಇರುವೆ ಬರುತ್ತವೆ. ಕುಡಿದುಬಿಡಿ.

ನನ್ನ ಅಮ್ಮ ಟಾಯ್ಲೆಟ್‌ಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಅದರ ಮೇಲೆ ಆಸಿಡ್ ಸುರಿಯುತ್ತಾರೆ. 'ಎರಡೂ ಸೇರಿದರೆ ಪವರ್ ಜಾಸ್ತಿ' ಎನ್ನುತ್ತಾರೆ. ಹೋದ ವಾರ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಯಿತು. ಹೇಳಿದರೆ ಕೇಳಲ್ಲ. ನೀವು ಬರೆದರೆ ಕೇಳಬಹುದು.
— ಓದುಗರು, ಕುವೆಂಪುನಗರ, ಮೈಸೂರು

ಅಮ್ಮಾ, ಇದನ್ನು ನಿಮಗೇ ಬರೆಯುತ್ತಿದ್ದೇನೆ, ಮಗಳಿಗಲ್ಲ.

ನಾನು ಸೂಪರ್‌ವೈಸರ್ ಆದ ಎರಡನೇ ದಸರಾ. ಜಂಬೂಸವಾರಿಯ ಮಾರನೇ ದಿನ, ಒಟ್ಟಿಗೇ ಎಲ್ಲ ರೂಮು ಖಾಲಿ, ಸಾಯಂಕಾಲಕ್ಕೆ ಮತ್ತೆ ಎಲ್ಲ ಭರ್ತಿ. ನಾನೇ ಹುಡುಗರನ್ನು ಓಡಿಸುತ್ತಿದ್ದೆ, ಬೇಗ ಬೇಗ ಅಂತ. ಮಳವಳ್ಳಿ ಕಡೆಯ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ ಇರಬೇಕು, ಬೇಗ ಆಗಲಿ ಎಂದು ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಸುರಿದ. ಬಾತ್‌ರೂಮಿಗೆ ಕಿಟಕಿ ಅಂದರೆ ಒಂದು ಗೇಣು. ಬಾಗಿಲು ಬೇರೆ ಹಾಕಿಕೊಂಡಿದ್ದ. ಅವನ ಕೆಮ್ಮು ನನಗೆ ವರಾಂಡದ ಆ ತುದಿಗೆ ಕೇಳಿಸಿತು. ಬಾಗಿಲು ತೆಗೆದರೆ ಮೂಗು ಸುಡುವ ವಾಸನೆ. ಎಳೆದುಕೊಂಡು ಮಹಡಿಯ ಮೇಲೆ ಗಾಳಿಗೆ ಕೂರಿಸಿ, ಅಲ್ಲಿಂದ ಆಸ್ಪತ್ರೆಗೆ ಒಯ್ದೆವು. ಎರಡು ದಿನಕ್ಕೆ ಸರಿಹೋದ. ಬೇಗ ಬೇಗ ಎಂದವನು ನಾನು, ಅದು ಈಗಲೂ ಚುಚ್ಚುತ್ತದೆ. ಅವತ್ತಿನಿಂದ ಬ್ಲೀಚಿಂಗ್ ಪೌಡರ್ ಡಬ್ಬ ನನ್ನ ಬೀಗದಲ್ಲೇ ಇತ್ತು.

ಬ್ಲೀಚಿಂಗ್ ಪೌಡರ್‌ಗೆ ಯಾವುದೇ ಆಸಿಡ್ ತಾಗಿದರೂ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ನಿಂಬೆ ಉಪ್ಪು, ವಿನೆಗರ್, ನೀಲಿ ಕ್ಲೀನರ್, ಎಲ್ಲವೂ ಈ ಲೆಕ್ಕಕ್ಕೆ ಆಸಿಡ್‌ಗಳೇ. ಪವರ್ ಜಾಸ್ತಿ ಆಗುವ ಮಾತು ಸುಳ್ಳು, ಒಂದು ಇನ್ನೊಂದನ್ನು ಕೆಡಿಸುತ್ತದೆ. ಸುಣ್ಣಕ್ಕೆ ಆಸಿಡ್, ಕ್ರಿಮಿಗೆ ಬ್ಲೀಚ್, ಎರಡಕ್ಕೂ ಬೇರೆ ಬೇರೆ ದಿನ. ನಡುವೆ ಎರಡು ಮೂರು ಬಕೆಟ್ ನೀರು. ಮೂತ್ರ ನಿಂತು ಘಾಟು ಹೊಡೆಯುವ ಕಡೆಯೂ ನೀರು ಹಾಕಿ ತೊಳೆಯದೆ ಬ್ಲೀಚ್ ಉದುರಿಸಬೇಡಿ, ಅಲ್ಲಿನ ಅಮೋನಿಯಾ ಜೊತೆ ಸೇರಿ ಇನ್ನೊಂದು ಕೆಟ್ಟ ಅನಿಲ ಆಗುತ್ತದೆ.

ಆಸಿಡ್ ಎಂದಿರಲ್ಲ, ಎಲ್ಲಿಂದ ತರುತ್ತೀರಿ? ಸೈಕಲ್ ಮೇಲೆ 'ಆಸಿಡ್ ಫಿನಾಯಿಲ್' ಎಂದು ಕೂಗಿಕೊಂಡು ಬರುವವರ ಲೇಬಲ್ ಇಲ್ಲದ ಬಾಟಲಿಯಾದರೆ ಬೇಡ. ಎಷ್ಟು ಗಟ್ಟಿ ಎಂದು ಅವರಿಗೇ ಗೊತ್ತಿರುವುದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್, ಆಸಿಡ್ ಮಾರುವವರು ಕೊಳ್ಳುವವರ ವಿವರ ಪುಸ್ತಕದಲ್ಲಿ ಬರೆದು, ಗುರುತಿನ ಚೀಟಿ ನೋಡಿ, 18 ದಾಟಿದವರಿಗೆ ಮಾತ್ರ ಕೊಡಬೇಕು ಎಂದಿದೆ. ಮನೆಯಲ್ಲಿ ಈಗಾಗಲೇ ಇದ್ದರೆ, ನೀರಿನ ಬಾಟಲಿಗೆ ತುಂಬಿಸಿ ಇಟ್ಟಿಲ್ಲ ತಾನೆ? ಈಗಲೇ ಎದ್ದು ನೋಡಿ ಬನ್ನಿ. ಮೈಮೇಲೆ ಹಾರಿದರೆ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಬೇಕು. ಕಣ್ಣಿಗಾದರೂ ಹಾಗೇ, ಆಮೇಲೆ ನೇರ ಡಾಕ್ಟರ ಹತ್ತಿರ. ಅರಿಶಿನ ಗಿರಿಶಿನ ಹಚ್ಚಬೇಡಿ.

ಅಜ್ಜನ ಕಾಲದ ಮನೆ. ಇಂಡಿಯನ್ ಟಾಯ್ಲೆಟ್, ಸುತ್ತ ಕಡಪ ಕಲ್ಲು, ಹೊರಗೆ ಕೆಂಪು ರೆಡ್ ಆಕ್ಸೈಡ್ ನೆಲ. ಆಸಿಡ್ ಹಾಕಿದ ಕಡೆ ಕಲ್ಲು ಬಿಳಿಚಿಕೊಂಡಿದೆ. ಮತ್ತೆ ಕಪ್ಪಾಗುವುದೇ?
— ಓದುಗರು, ಚಾಮರಾಜಪುರಂ, ಮೈಸೂರು

ಉಜ್ಜಿ ತೊಳೆದರೆ ಆಗದು. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಮಾರ್ಬಲ್ಲೂ ಅದೇ. ಕಲೆಯನ್ನು ತಿನ್ನುವ ಹುಳಿ ಕಲ್ಲನ್ನೂ ತಿನ್ನುತ್ತದೆ. ಪಾಲಿಶ್ ಮಾಡುವವರನ್ನು ಕರೆಸಿ ತಿಕ್ಕಿಸಿದರೆ ಬಣ್ಣ ಬರುತ್ತದೆ. ರೆಡ್ ಆಕ್ಸೈಡ್ ನೆಲ ಸಿಮೆಂಟಿನದು, ಅದಕ್ಕೂ ಆಸಿಡ್ ಆಗದು. ಅಂಥ ನೆಲ ಈಗ ಹಾಕುವವರೇ ಕಮ್ಮಿ, ಕಾಪಾಡಿಕೊಳ್ಳಿ. ಮುಂದೆ ಪಿಂಗಾಣಿ ಬೇಸಿನ್ನಿನ ಒಳಗೆ ಮಾತ್ರ ಹುಳಿ ಹಾಕಿ. ಹಾಕುವ ಮೊದಲು ಸುತ್ತಲಿನ ಕಲ್ಲಿಗೆ ನೀರು ಸುರಿದು ಒದ್ದೆ ಮಾಡಿ, ಹನಿ ಬಿದ್ದರೂ ತೆಳ್ಳಗಾಗುತ್ತದೆ. ಕಲ್ಲಿಗೆ ಸೋಪಿನ ಪುಡಿ, ತೆಂಗಿನ ನಾರು ಸಾಕು. ಆಸಿಡ್ ಬಾಟಲಿಯನ್ನು ನಲ್ಲಿಯ ಕೆಳಗೂ ಇಡಬೇಡಿ. ಮುಚ್ಚಳದ ಸಂದಿಯಿಂದ ಬರುವ ಹಬೆಗೇ ಸ್ಟೀಲ್ ನಲ್ಲಿ ತುಕ್ಕು ಹಿಡಿಯುತ್ತದೆ.

ಎರಡು ಗುಂಡಿಯ ಟಾಯ್ಲೆಟ್ ಕಟ್ಟಿಸಿದ್ದೇವೆ. ಪಟ್ಟಣದಲ್ಲಿರುವ ಮಗ ಬಂದಾಗಲೆಲ್ಲ ಫಿನಾಯಿಲ್, ಆಸಿಡ್ ತಂದುಕೊಡುತ್ತಾನೆ. ಹಾಕಬಹುದೇ?
— ಓದುಗರು, ಮದ್ದೂರು ತಾಲ್ಲೂಕು

ನನ್ನ ಅಣ್ಣನ ಮನೆಯಲ್ಲೂ ಇದೇ ಇದೆ, ಮದ್ದೂರು ಹತ್ತಿರವೇ. ಮಗನಿಗೆ 'ಬೇಡಪ್ಪ, ಬದಲಿಗೆ ಒಂದು ಒಳ್ಳೆ ಬ್ರಷ್ ತಾ' ಅನ್ನಿ. ಆ ಗುಂಡಿಯೊಳಗೆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೂವರೆ ಎರಡು ವರ್ಷ ಮುಚ್ಚಿಟ್ಟರೆ, ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಅಣ್ಣ ತೆಂಗಿಗೆ ಹಾಕಿದ್ದಾನೆ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ದಿನಾ ಸುರಿದರೆ ಆ ಜೀವಿಗಳು ಸಾಯುತ್ತವೆ, ಗುಂಡಿ ಬೇಗ ತುಂಬುತ್ತದೆ. ಸೆಪ್ಟಿಕ್ ಟ್ಯಾಂಕ್ ಇರುವವರಿಗೂ ಇದೇ ಮಾತು, ಅಪರೂಪಕ್ಕೆ ಸ್ವಲ್ಪ ಬಿದ್ದರೆ ಭಯವಿಲ್ಲ.

ನಿಮ್ಮ ಬೇಸಿನ್ ಇಳಿಜಾರು ಜಾಸ್ತಿ ಇರುವಂಥದ್ದು, ಒಂದೂವರೆ ಎರಡು ಲೀಟರ್ ನೀರಿಗೆ ಎಲ್ಲ ಜಾರಿಹೋಗುವ ಹಾಗೆ ಮಾಡಿರುತ್ತಾರೆ. ಕೂರುವ ಮೊದಲು ಒಂದು ಚೊಂಬು ನೀರು ಹಾಕಿ ಬೇಸಿನ್ ಒದ್ದೆ ಮಾಡಿ. ಒಣ ಪಿಂಗಾಣಿಗೆ ಅಂಟುವಷ್ಟು ಒದ್ದೆಗೆ ಅಂಟದು. ಈ ಒಂದು ಅಭ್ಯಾಸಕ್ಕೆ ಉಜ್ಜುವ ಕೆಲಸ ಅರ್ಧ ಉಳಿಯುತ್ತದೆ.

ಎಷ್ಟು ತೊಳೆದರೂ ಊರಿಂದ ವಾಪಸ್ ಬಂದು ಬಾಗಿಲು ತೆಗೆದರೆ ಬಾತ್‌ರೂಮ್ ಗಬ್ಬು ವಾಸನೆ. ಕಲೆ ಎಲ್ಲೂ ಇಲ್ಲ.
— ಓದುಗರು, ರಾಮಕೃಷ್ಣನಗರ, ಮೈಸೂರು

ನೆಲದ ಜಾಲರಿ ಕೆಳಗೆ ನಾನಿ ಟ್ರಾಪ್ ಅಂತ ಇರುತ್ತದೆ. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು, ಒಳಚರಂಡಿ ವಾಸನೆ ಮೇಲೆ ಬರದ ಹಾಗೆ ತಡೆಯುತ್ತದೆ. ನೀವು ಊರಿಗೆ ಹೋದಾಗ, ಅದರಲ್ಲೂ ಬೇಸಿಗೆಯಲ್ಲಿ, ಅದು ಆರಿಹೋಗುತ್ತದೆ. ಹೊರಡುವ ದಿನ ಎರಡು ಚೊಂಬು ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಪದರದ ಕೆಳಗೆ ನೀರು ಬೇಗ ಆರುವುದಿಲ್ಲ. ಬಂದ ಮೇಲೂ ವಾಸನೆ ಇದ್ದರೆ ಜಾಲರಿ ಎತ್ತಿ ನೋಡಿ, ಕೂದಲು ಸೋಪು ಸೇರಿ ಒಂದು ಮುದ್ದೆ ಕೂತಿರುತ್ತದೆ. ಅದನ್ನು ಕೈಯಿಂದಲೇ ತೆಗೆಯಬೇಕು, ಬೇರೆ ದಾರಿ ಇಲ್ಲ. ಕೈಗವಸು ಹಾಕಿಕೊಳ್ಳಿ, ತಿಂಡಿಗೆ ಮೊದಲೇ ಮುಗಿಸಿ.